ನನ್ನ ಹೆಸರಿಗೆ ಬಂದ ಹಳದಿ ಕಾರು

ಸಹಿ ಹಾಕಿ ಪಡೆಯಬೇಕಾದ ಲಕೋಟೆಯೆಂದರೆ ನನಗೆ ಭಯ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಲು ಸಂಕೋಚವೇನೂ ಇಲ್ಲ. ಸಾಧಾರಣ ಅಂಚೆಯನ್ನು ಪೋಸ್ಟ್‌ಮನ್ ಗೇಟಿನ ಮೇಲಿಂದ ಎಸೆದು ಹೋಗುತ್ತಾನೆ. ಅದು ಅಗೌರವ, ಅದರ ಬಗ್ಗೆ ನಾನು ಲಿಖಿತವಾಗಿ ದೂರಿದ್ದೇನೆ, ಉತ್ತರ ಬಂದಿಲ್ಲ. ಆದರೆ ಅವನೇ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ಸಾರ್, ಒಂದ್ ಸೈನ್ ಬೇಕಿತ್ತು" ಎಂದನೆಂದರೆ ಆ ಗೌರವವು ಅಗೌರವಕ್ಕಿಂತ ಭಯಂಕರ. ಸರ್ಕಾರವು ಒಬ್ಬ ಮನುಷ್ಯನನ್ನು ಇನಿಷಿಯಲ್ಲುಗಳ ಸಮೇತ ಹೆಸರು ಹಿಡಿದು ಮನೆಯವರೆಗೆ ಹುಡುಕಿಕೊಂಡು ಬರುವುದು ಸನ್ಮಾನಕ್ಕಂತೂ ಅಲ್ಲ. ಸನ್ಮಾನದ ಸಂದರ್ಭಗಳಲ್ಲಿ ನನ್ನ ವಿಳಾಸ ಯಾರಿಗೂ ಸಿಕ್ಕಿದ್ದಿಲ್ಲ.

ಆ ದಿನ ಬಂದದ್ದು ಮದ್ರಾಸು ಬಂದರಿನ ಸುಂಕದ ಕಚೇರಿಯ ಲಕೋಟೆ. ಊರಿನ ಹೆಸರು ಬದಲಾಗಿದೆಯೆಂದು ನನಗೆ ಗೊತ್ತು. ಬದಲಿಸುವಾಗ ನನ್ನನ್ನು ಯಾರೂ ಕೇಳಲಿಲ್ಲ. ಸೇವೆಯ ಕಾಲವನ್ನೆಲ್ಲ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದಿ ಕಳೆದವನಾದ್ದರಿಂದ, ಯಾವ ಕಾಗದವನ್ನಾದರೂ ನಾನು ಮೊದಲು ತಪ್ಪಿಗಾಗಿ ಓದುತ್ತೇನೆ, ಅರ್ಥಕ್ಕಾಗಿ ಆಮೇಲೆ. ಮೊದಲ ಓದಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದದ್ದು ಕಂಡು ಸಮಾಧಾನವೇ ಆಯಿತು. ಎರಡನೆಯ ಓದಿನಲ್ಲಿ ಅರ್ಥವಾಯಿತು. ಮೈಸೂರು ರಾಮಕೃಷ್ಣನಗರದ ನಿವಾಸಿಯಾದ ನಾನು, ಎರಡೇ ಸೀಟಿನ, ಹಳದಿ ಬಣ್ಣದ, ಬಳಸಿದ ವಿದೇಶಿ ಸ್ಪೋರ್ಟ್ಸ್ ಕಾರೊಂದನ್ನು ಹಡಗಿನಲ್ಲಿ ತರಿಸಿಕೊಂಡಿದ್ದೇನೆ. ಹಾಗೆ ತರಿಸಲು ನನಗಿರುವ ಅರ್ಹತೆಯೇನೆಂಬುದನ್ನು ಪಾಸ್‌ಪೋರ್ಟ್ ಸಮೇತ ಖುದ್ದಾಗಿ ಹಾಜರಾಗಿ ವಿವರಿಸಬೇಕು. ತಪ್ಪಿದಲ್ಲಿ ಕಾರನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು, ಮತ್ತು ನನ್ನ ಮೇಲೆ ಕ್ರಮ ಜರುಗಿಸಲಾಗುವುದು. ಆ 'ಮತ್ತು'ವಿನ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತು. ನನಗೆ ಕಾರು ಓಡಿಸಲು ಬರುವುದಿಲ್ಲ. ಪಾಸ್‌ಪೋರ್ಟ್ ಇಲ್ಲ. ನಾನು ದಾಟಿದ ಅತಿ ದೊಡ್ಡ ನೀರೆಂದರೆ ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಹರಿಯುವುದು.

ಕಾರು ನನ್ನ ತಂಗಿ ರತ್ನಳದು. ಅವಳು ಆಫ್ರಿಕದ ಬೋಟ್ಸ್ವಾನಾ ದೇಶದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಮದುವೆಯಾಗಲಿಲ್ಲ. ರಜೆಗೆ ಬಂದಾಗಲೆಲ್ಲ ಹತ್ತಿಸೀರೆಯುಟ್ಟು, ನನ್ನ ಹೆಂಡತಿ ಪದ್ಮಳಿಗೆ ಹುಣಸೆಹಣ್ಣು ಕಿವುಚಿಕೊಟ್ಟು, ನನ್ನೆದುರು ಕುರ್ಚಿಯಲ್ಲಿ ಕೂರದೆಯೇ ಮರಳಿ ಹೋಗುತ್ತಿದ್ದಳು. ಈಗ ನಿವೃತ್ತಳಾಗಿ ವಿಮಾನದಲ್ಲಿ ಬಂದು ನಮ್ಮ ಮಹಡಿಯ ಮೇಲೆ ನೆಲೆಸಿದ್ದಳು. ಹಿಂದಿನಿಂದ ಹಡಗಿನಲ್ಲಿ ಒಂದು ಕಾರು ಬರುತ್ತದೆಂದು ಹೇಳಿದ್ದಳು, ನಿಜ. ನಮ್ಮ ಬೀದಿಯಲ್ಲಿ ಓಡಾಡುವಂಥ, ನಾಲ್ಕು ಜನ ಕೂತು ದೇವಸ್ಥಾನಕ್ಕೆ ಹೋಗುವಂಥ ಕಾರೆಂದು ನಾನು ಭಾವಿಸಿದ್ದೆ. ನನ್ನ ತಂಗಿಯು ಆನೆಗಳು ಅಡ್ಡಬರುವ, ಗಂಟೆಗಟ್ಟಲೆ ತಿರುವೇ ಇಲ್ಲದ ರಸ್ತೆಗಳಲ್ಲಿ, ನೆಲಕ್ಕಂಟಿದಂತಿರುವ ಹಳದಿ ಕಾರನ್ನು ಒಬ್ಬಳೇ ಓಡಿಸಿಕೊಂಡು ಹೋಗುತ್ತಿದ್ದಳೆಂಬ ಸಂಗತಿಯನ್ನು ನನಗೆ ತಿಳಿಸಿದ್ದು ಭಾರತ ಸರ್ಕಾರ.

ಅವಳನ್ನು ಕೆಳಗೆ ಕರೆದು ಕಾಗದ ಕೊಟ್ಟೆ. ಓದಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಹಡಗಿಗೆ ಹಾಕೋವಾಗ, ಇಂಡಿಯಾದಲ್ಲಿ ಯಾರ ಹೆಸರಿಗೆ ಹೋಗ್ಬೇಕು ಅಂತ ಕೇಳಿದ್ರು ಅಣ್ಣಯ್ಯ. ನಿಮ್ಮ ಹೆಸರು ಹೇಳ್ಬುಟ್ಟೆ."

"ಯಾಕಮ್ಮ?"

"ಯಾಕೆ ಅಂದ್ರೆ? ನಿಮ್ಮ ಹೆಸರಿಲ್ದೆ ನಮ್ಮನೆಗೆ ಯಾವ ಗಾಡಿ ಬಂದಿದೆ?"

ಅಡುಗೆಮನೆಯಿಂದ ಪದ್ಮಳ ದನಿ ಬಂತು: "ಒಂದು ಬಂದಿತ್ತು ಕಣೇ ರತ್ನ, ಆ ಸ್ಕೂಟರು. ಅದರ ಕಥೆ ಇವ್ರು ಇನ್ನೂ ಮುಗಿಸಿಲ್ಲ."

ಮುಗಿಸಿಲ್ಲ, ಅದು ಮುಗಿಯುವಂಥದ್ದೂ ಅಲ್ಲ. ನಮ್ಮ ತಾತ ಅರಮನೆಯ ಸಾರೋಟುಗಳ ಉಸ್ತುವಾರಿಯಲ್ಲಿದ್ದವರು. ಒಂದರಲ್ಲೂ ಅವರು ಕೂತದ್ದಿಲ್ಲ. ಆದರೆ ಪ್ರತಿಯೊಂದು ಗಾಡಿಗೂ ಒಬ್ಬ ಯಜಮಾನನಿರಬೇಕು, ಅವನ ಹೆಸರಿನಲ್ಲಿ ಸಂಕಲ್ಪವಾಗದೆ ಗಾಡಿ ಹೊಸ್ತಿಲ ಬಳಿ ಬರಕೂಡದು ಎಂಬ ಕಟ್ಟಳೆಯನ್ನು ಅಲ್ಲಿಂದ ಮನೆಗೆ ತಂದರು. ನಮ್ಮ ತಂದೆ ತುಳಿದ ಸೈಕಲ್ಲು ತಾತನ ಹೆಸರಿನಲ್ಲಿತ್ತು. ತಂದೆಯ ನಂತರ ಆ ಹಕ್ಕು ಹಿರಿಯ ಮಗನಾದ ನನಗೆ ಬಂತು. ಹೀಗಿರುವಲ್ಲಿ ನನ್ನ ತಮ್ಮ ಶ್ರೀಕಂಠನು ಒಂದು ಶುಕ್ರವಾರ ತನ್ನದೇ ಹೆಸರಿನಲ್ಲಿ ನೀಲಿ ಸ್ಕೂಟರೊಂದನ್ನು ಕೊಂಡು ತಂದು, ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ, ಗೇಟಿನ ಮುಂದೆ ತಾನೇ ಅದನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿಬಿಟ್ಟ. ನಿಂಬೆಹಣ್ಣು ಒಡೆದ ಸದ್ದು ಬಚ್ಚಲಿನವರೆಗೆ ಕೇಳಿತು. ಈಗಲೂ ಕೇಳುತ್ತದೆ. ಆ ಸ್ಕೂಟರಿನ ಮೇಲೆ ನಾನು ಒಮ್ಮೆಯೂ ಕೂರಲಿಲ್ಲ. ಅದು ಗುಜರಿಗೆ ಹೋದ ದಿನ ಹೊರಗೆ ಬಂದು ನೋಡಲೂ ಇಲ್ಲ. ಅದಾದ ಮೇಲೆ ನಮ್ಮ ಕುಟುಂಬದಲ್ಲಿ ಗ್ಯಾಸಿನ ಸಂಪರ್ಕದಿಂದ ಹಿಡಿದು ಶ್ರೀಕಂಠನ ಮಗಳ ಮೊಪೆಡ್ಡಿನವರೆಗೆ ಎಲ್ಲವೂ ನನ್ನ ಹೆಸರಿನಲ್ಲೇ ಬರತೊಡಗಿದವು. ಅದನ್ನು ನಾನು ಪ್ರೀತಿಯೆಂದೇ ಎಣಿಸಿದ್ದೆ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಒಂದು ಸಂಪ್ರದಾಯವುಂಟು. ವಿಷಯಕ್ಕೆ ಬರುವ ಮೊದಲೇ ಅಧಿಕಾರಿ ಯಾರು, ಎಂದರೆ ಇದಕ್ಕೆ ಅರ್ಹನಾದವನು ಯಾರು, ಎಂಬುದನ್ನು ಹೇಳಿಬಿಡುತ್ತಾರೆ. ಸುಂಕದ ನಿಯಮಗಳೂ ಹಾಗೆಯೇ ಇರುವುದನ್ನು ಕಂಡು ಭಯದ ನಡುವೆಯೂ ನನಗೆ ಮೆಚ್ಚುಗೆಯಾಯಿತು. ಬಳಸಿದ ವಿದೇಶಿ ಕಾರನ್ನು ಕಂಡಕಂಡವರು ತರುವಂತಿಲ್ಲ. ವರ್ಷಗಟ್ಟಲೆ ಹೊರದೇಶದಲ್ಲಿದ್ದು, ಇಲ್ಲಿಯೇ ನೆಲೆಸಲೆಂದು ಮರಳುವವರು, ಅಲ್ಲಿ ತಮ್ಮದಾಗಿದ್ದ ಕಾರನ್ನು, ಒಂದನ್ನು ಮಾತ್ರ, ತುಂಬು ಸುಂಕ ತೆತ್ತು ತರಬಹುದು. ಕಾರು ತೀರ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆಯಿರಬೇಕು. ರತ್ನ ಇದರ ಪ್ರತಿ ಅಕ್ಷರಕ್ಕೂ ಅರ್ಹಳು. ಅವಳಿದ್ದ ದೇಶದಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವುದರಿಂದ ಸ್ಟಿಯರಿಂಗಿನಲ್ಲಿಯೂ ಅವಳೇ ಗೆದ್ದಳು. ಇಷ್ಟೆಲ್ಲ ಗೆದ್ದವಳು ಗೌರವ ತೋರಿಸಲು ಹೋಗಿ ಸೋತಳು. ಹಡಗಿನ ಕಾಗದದಲ್ಲಿ ನನ್ನ ಹೆಸರು ಬರೆಸಿದ ಕ್ಷಣಕ್ಕೆ ಆ ಕಾರು ಕಳ್ಳಮಾಲಿನಂತಾಯಿತು, ನಾನು ಕಳ್ಳಸಾಗಣೆದಾರನಂತಾದೆ.

ಭಯಾನಕ ರಸಕ್ಕೆ ನಮ್ಮ ಲಾಕ್ಷಣಿಕರು ಕಪ್ಪು ಬಣ್ಣ ಹೇಳಿದ್ದಾರೆ. ಅವರಾರೂ ಸುಂಕದ ಕಚೇರಿಯಿಂದ ನೋಟೀಸು ಪಡೆದವರಲ್ಲ. ನನ್ನ ಭಯ ಹಳದಿಯಾಗಿತ್ತು. ಬೆಳಿಗ್ಗೆ ಪದ್ಮ ಚಿತ್ರಾನ್ನ ಬಡಿಸಿದರೆ ಕೈ ಹಿಂದೆಗೆಯುತ್ತಿತ್ತು. ಭಯವೆಂಬುದು ಅಧಮ ಪಾತ್ರಗಳಿಗೆ ಸಹಜವಾದದ್ದು, ಉತ್ತಮರು ಗುರುವಿನ ಮುಂದೆ, ರಾಜನ ಮುಂದೆ ಅದನ್ನು ನಟಿಸುತ್ತಾರಷ್ಟೆ ಎಂದೂ ಅವರು ಹೇಳಿದ್ದಾರೆ. ಇದನ್ನೂ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪಾರ್ಕಿನಲ್ಲಿ ನನ್ನೊಡನೆ ನಡೆಯುವ ನಿವೃತ್ತ ವಕೀಲ ಶೇಷಾದ್ರಿಯವರಿಗೆ ವಿಷಯ ತಿಳಿಸಿದೆ. ಅವರು ನನ್ನ ಭುಜ ತಟ್ಟಿ, "ಹೆದರ್ಕೋಬೇಡಿ ಸ್ವಾಮಿ, ಈ ವಯಸ್ಸಿಗೆ ಜಾಮೀನು ಕೊಟ್ಟೇ ಕೊಡ್ತಾರೆ ಕಣ್ರೀ" ಎಂದರು. ಜಾಮೀನು ಬೇಕಾಗಬಹುದೆಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಕೊನೆಗೆ ರತ್ನ ಮತ್ತು ನಾನು ರೈಲಿನಲ್ಲಿ ಮದ್ರಾಸಿಗೆ ಹೋದೆವು. ಬಂದರಿನ ವ್ಯವಹಾರಕ್ಕೆಂದು ಅವಳು ಗೊತ್ತುಮಾಡಿದ್ದ ಏಜೆಂಟ್ ಮಹದೇವು ನಮ್ಮ ಮೈಸೂರಿನ ಅಶೋಕಪುರಂ ಕಡೆಯವನೇ. ಕಚೇರಿಯ ಮೆಟ್ಟಿಲ ಬಳಿ ನನ್ನ ಪಂಚೆಯನ್ನೂ ಊರುಗೋಲನ್ನೂ ನೋಡಿ, "ಸ್ಪೋರ್ಟ್ಸ್ ಕಾರ್ ತರ್ಸಿದೋರು ನೀವೇನಾ ಸಾರ್?" ಎಂದು ನಕ್ಕ. ಆ ನಗೆಯನ್ನು ನಾನು ಮರೆತಿಲ್ಲ. ರತ್ನ ನೀರಿನ ಬಾಟಲಿ ತರಲು ಹೋದಾಗ ದನಿ ತಗ್ಗಿಸಿ ಹೇಳಿದ:

"ಎರಡೇ ದಾರಿ ಸಾರ್. ನಂಗೇನೂ ಗೊತ್ತಿಲ್ಲ, ಕೇಳ್ದೆ ನನ್ನ ಹೆಸ್ರು ಹಾಕವ್ರೆ ಅಂದ್ಬುಡಿ, ನೀವು ಬಚಾವು. ಆದ್ರೆ ಮೇಡಂ ಸಿಕ್ಕಾಕೋತಾರೆ, ಕಾರೂ ಓಯ್ತದೆ. ಇಲ್ಲಾಂದ್ರೆ, ಕಾರು ಮೇಡಂದೇ, ನಮ್ಮನೆ ಪದ್ಧತಿಯಿಂದ ಇಂಗಾಯ್ತು, ನಂಗೆ ಯಾವ ಹಕ್ಕೂ ಇಲ್ಲ ಅಂತ ಬರ್ಕೊಡಿ. ಅವ್ರು ನಂಬುದ್ರೆ ಕಾರು ಉಳೀತದೆ. ನಂಬ್ನಿಲ್ಲ ಅಂದ್ರೆ ಇಬ್ರೂ."

"ಇಬ್ಬರೂ ಏನಪ್ಪ?" ಎಂದೆ. ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಮೊದಲನೆಯ ದಾರಿ ನನಗೆ ಹಿಡಿಸಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನ್ನನ್ನು ಕೇಳದೆ ನನ್ನ ಹೆಸರನ್ನು ಬಳಸಲಾಗಿದೆ ಎಂಬ ವಾಕ್ಯದಲ್ಲಿ ತಿದ್ದಬೇಕಾದ್ದು ಏನೂ ಇರಲಿಲ್ಲ. ಅಂಥ ಶುದ್ಧವಾದ ವಾಕ್ಯ ನನ್ನ ವೃತ್ತಿಜೀವನದಲ್ಲಿ ಅಪರೂಪ. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಅಧಿಕಾರಿಯ ಕೋಣೆಗೆ ಹೋದೆ. ಅಲ್ಲಿದ್ದವರು ಒಬ್ಬ ತರುಣಿ. ಕೂರಲು ಹೇಳಿ, ಕಡತ ತಿರುವಿ, ನನ್ನ ಕಡೆ ನೋಡದೆ ರತ್ನಳನ್ನು ಇಂಗ್ಲಿಷಿನಲ್ಲಿ ಕೇಳಿದರು: ಈ ಕಾರು ಯಾರದು?

ಇಷ್ಟು ಸುಲಭವಾದ ಪ್ರಶ್ನೆಯನ್ನು ಆ ಗಣಿತದ ಉಪಾಧ್ಯಾಯಿನಿ ತನ್ನ ಶಾಲೆಯ ಹುಡುಗಿಯರನ್ನೂ ಕೇಳಿರಲಾರಳು. ಆದರೂ ಉತ್ತರ ಕೊಡುವ ಮೊದಲು ಅವಳು ನನ್ನತ್ತ ತಿರುಗಿದಳು. ಅರವತ್ತು ದಾಟಿದ ಹೆಂಗಸು, ಕಾಡಿನ ರಸ್ತೆಯಲ್ಲಿ ಎಂಜಿನ್ ಆರಿಸಿ, ಆನೆಯ ಹಿಂಡು ದಾಟುವವರೆಗೆ ಒಬ್ಬಳೇ ಕಾದು ಕೂತವಳು, 'ನನ್ನದು' ಎಂಬ ಒಂದು ಮಾತಿಗಾಗಿ ನನ್ನ ಅಪ್ಪಣೆ ಕಾಯುತ್ತಿದ್ದಳು. ಅವಳ ಕಣ್ಣಲ್ಲಿದ್ದ ಹೆದರಿಕೆಯ ಗುರುತು ನನಗೆ ಚೆನ್ನಾಗಿ ಸಿಕ್ಕಿತು. ವಾರಗಟ್ಟಲೆಯಿಂದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆನಲ್ಲ. ಆದರೆ ಅವಳು ಹೆದರಿದ್ದು ಮೇಜಿನ ಆಚೆಯವರಿಗಲ್ಲ. ಅವಳ ಪಾಲಿನ ಕಚೇರಿ ನಾನಾಗಿದ್ದೆ. ಬದುಕಿನಲ್ಲಿ ತನ್ನದೆಂದು ಇಷ್ಟಪಟ್ಟು ಕೊಂಡ ಒಂದೇ ಒಂದು ವಸ್ತುವನ್ನೂ ಅವಳು ನನಗೆ ಸುಂಕವಾಗಿ ಕಟ್ಟಿದ್ದಳು.

ನಾನು ಸಿದ್ಧಮಾಡಿಕೊಂಡಿದ್ದ ಶುದ್ಧ ವಾಕ್ಯ ಬಾಯಿಗೆ ಬರಲಿಲ್ಲ. "ಅವಳದು" ಎಂದೆ, ಕನ್ನಡದಲ್ಲಿಯೇ. ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳಿದೆ. ಬಿಳಿ ಹಾಳೆ ಕೇಳಿ ಪಡೆದು ಅಲ್ಲಿಯೇ ಬರೆದೆ: ಈ ವಾಹನದ ಮೇಲೆ ನನಗೆ ಹಿಂದೆ ಹಕ್ಕಿರಲಿಲ್ಲ, ಈಗ ಇಲ್ಲ, ಮುಂದೆಯೂ ಇರತಕ್ಕದ್ದಲ್ಲ. ನನ್ನ ಹೆಸರು ಹೇಗೆ ಬಂತೆಂದು ಆಕೆ ಕೇಳಿದಾಗ ನಮ್ಮ ಮನೆಯ ಕಟ್ಟಳೆಯನ್ನು ಸಾರೋಟಿನಿಂದ ಆರಂಭಿಸಿ ವಿವರಿಸಿದೆ. ಆಕೆ ನಗಲಿಲ್ಲ. ತಮ್ಮ ಸ್ಕೂಟಿ ಇಂದಿಗೂ ದೊಡ್ಡಪ್ಪನ ಹೆಸರಿನಲ್ಲಿದೆಯೆಂದಷ್ಟೇ ಹೇಳಿದರು. ನಂಬಿದೆನೆಂದು ಮಾತ್ರ ಹೇಳಲಿಲ್ಲ.

ಸರ್ಕಾರ ನಂಬಿತೆಂದು ತಿಳಿಯುವಷ್ಟರಲ್ಲಿ ನಾನು ತೂಕ ಕಳೆದುಕೊಂಡಿದ್ದೆ. ಹೆಸರು ತಿದ್ದುಪಡಿಯಾಯಿತು, ರತ್ನ ಸುಂಕ ಕಟ್ಟಿದಳು. ಇಲ್ಲಿ ನೋಂದಣಿಯಾಗದ ಕಾರು ರಸ್ತೆಯಲ್ಲಿ ಚಲಿಸುವಂತಿಲ್ಲವಾದ್ದರಿಂದ ಅದು ಲಾರಿಯ ಮೇಲೇರಿ, ಟಾರ್ಪಾಲು ಹೊದ್ದು ಮೈಸೂರಿಗೆ ಬಂತು. ಆಮೇಲೆ ಹೊಗೆಯ ಪರೀಕ್ಷೆ, ದೀಪಗಳ ಪರೀಕ್ಷೆ, ನಮ್ಮೂರ ಆರ್‌ಟಿಒ ಕಚೇರಿಯ ಅಲೆದಾಟ. ಅಂತೂ ಒಂದು ಭಾನುವಾರ ಬೆಳಿಗ್ಗೆ, ಅವಳದೇ ಹೆಸರಿನಲ್ಲಿ ನೋಂದಣಿಯಾದ ಹಳದಿ ಕಾರು ಗೇಟಿನ ಮುಂದೆ ಗುರುಗುಟ್ಟುತ್ತ ನಿಂತಿತು. "ಬನ್ನಿ ಅಣ್ಣಯ್ಯ, ಮೊದಲ ರೌಂಡು ನೀವೇ ಬರ್ಬೇಕು" ಎಂದಳು.

ಆ ಕಾರಿನೊಳಗೆ ಕೂರುವುದೆಂದರೆ ನೆಲದ ಮೇಲೆ ಎಲೆಯ ಮುಂದೆ ಕೂತಂತೆ. ತಲೆ ತಗ್ಗಿಸಿ, ಊರುಗೋಲು ಮಡಿಲಲ್ಲಿಟ್ಟು, ಹೇಗೋ ಸೇರಿಕೊಂಡೆ. ಶ್ರೀರಾಂಪುರ ದಾಟಿ ರಿಂಗ್ ರೋಡಿಗೆ ಬಂದಾಗ ರಸ್ತೆ ಉದ್ದಕ್ಕೂ ಖಾಲಿಯಾಗಿತ್ತು. ಅವಳು ನಿಧಾನಿಸಿ ಕೇಳಿದಳು:

"ಎಷ್ಟು ಸ್ಪೀಡಲ್ಲಿ ಹೋಗ್ಲಿ ಅಣ್ಣಯ್ಯ?"

ಸೈಕಲ್ಲಿನ ವೇಗದಲ್ಲಿ ಎಂದು ಹೇಳಬೇಕೆನಿಸಿತ್ತು. "ನಿನ್ನ ಕಾರು ಕಣಮ್ಮ. ನನ್ನನ್ನೇನು ಕೇಳ್ತೀಯ?" ಎಂದೆ.

ಅವಳು ಒಂದು ಕ್ಷಣ ನನ್ನನ್ನು ನೋಡಿದಳು, ಆಮೇಲೆ ರಸ್ತೆಯನ್ನು ನೋಡಿದಳು. ಮುಂದಿನದಕ್ಕೆ ನಾನು ಸಾಕ್ಷಿಯಲ್ಲ, ಕಣ್ಣು ಮುಚ್ಚಿದ್ದೆ. ನಂಜನಗೂಡು ರಸ್ತೆ ಕೂಡುವಲ್ಲಿ ಕಣ್ಣು ಬಿಟ್ಟಾಗ ರತ್ನ ಗಟ್ಟಿಯಾಗಿ ನಗುತ್ತಿದ್ದಳು. ಅವಳು ನನ್ನೆದುರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಇನ್ನೂ ಅನೇಕ ಭಾನುವಾರಗಳು ಅವಳು ಕರೆದಿದ್ದಾಳೆ, ನಾನು ಹೋಗಿದ್ದೇನೆ. ಭಯ ಕಡಿಮೆಯಾಗಿಲ್ಲ. ಆದರೆ ಆ ಕಾರಿನಲ್ಲಿರುವುದು ಎರಡೇ ಸೀಟು. ಒಂದರಲ್ಲಿ ಹೆದರಿದವರು ಕೂರಲೇಬೇಕೆಂದಾದರೆ, ಸರದಿ ಈಗ ನನ್ನದು.