ರಂಗೂನಿನ ಮೇಲೆ ಹೂಡಿದ ನೇಗಿಲು

ಬರ್ಮಾ ದೇಶದ ಸೈನ್ಯ ಒಂದು ದಿನ ಅಲ್ಲಿನ ಸರ್ಕಾರವನ್ನು ಎತ್ತಿ ಪಕ್ಕಕ್ಕಿಟ್ಟು ತಾನೇ ಪಟ್ಟಕ್ಕೆ ಕೂತಾಗ, ಜಗತ್ತಿನ ದೊಡ್ಡ ದೊಡ್ಡ ರಾಷ್ಟ್ರಗಳೆಲ್ಲ ಏನು ಮಾಡುವುದೆಂದು ಗಲ್ಲಕ್ಕೆ ಕೈಕೊಟ್ಟು ಯೋಚಿಸಿದವು. ಯೋಚಿಸದೆ ಎದ್ದು ಹೊರಟವನು ಸಾಗರ ತಾಲೂಕಿನ ಬೈನೆಸರದ ಕೆರಿಯಪ್ಪ ಒಬ್ಬನೇ. ಅವನ ಸೈನ್ಯ ಅವನೇ. ಆಯುಧ, ಒಂದು ನೇಗಿಲು.

ನೇಗಿಲಿಗೆ ಕಾರಣವಿತ್ತು. ಕಾಗೋಡಿನ ಸತ್ಯಾಗ್ರಹದಲ್ಲಿ ಗೇಣಿ ರೈತರು ಸಾಲುಗಟ್ಟಿ ಒಡೆಯರ ಗದ್ದೆಗಿಳಿದಾಗ ಕೆರಿಯಪ್ಪನೂ ನೇಗಿಲು ಹೊತ್ತು ಇಳಿದಿದ್ದ. ಪೊಲೀಸರು ಹಿಡಿದರು, ಜೈಲಿಗೆ ಹಾಕಿದರು, ಮುದ್ದೆ ಹಾಕಿದರು, ಬಿಟ್ಟರು. ಆಮೇಲೆ ಸರ್ಕಾರ ಇತ್ತ ತಿರುಗಿ ನೋಡಿತು. ಅಲ್ಲಿಂದ ಅವನಿಗೆ ರಾಜ್ಯಶಾಸ್ತ್ರವೆಲ್ಲ ಒಂದೇ ವಾಕ್ಯದಲ್ಲಿ ಅರ್ಥವಾಗಿಹೋಯಿತು: ಸರ್ಕಾರಕ್ಕೆ ಕಿವಿ ಇರುವುದು ಜೈಲಿನಲ್ಲಿ. ಏನಾದರೂ ಹೇಳಬೇಕೆಂದರೆ ಮೊದಲು ನೇಗಿಲು ಹೊರಬೇಕು, ಆಮೇಲೆ ಅರೆಸ್ಟಾಗಬೇಕು.

ಈಗ ಹೇಳಬೇಕಾದ ಮಾತು ಅವನ ತಮ್ಮ ವಾಸಪ್ಪನ ಕುರಿತದ್ದು. ಅವ್ವ ಸತ್ತ ಮೇಲೆ ಅಣ್ಣನ ಬೆನ್ನ ಮೇಲೆ ಬೆಳೆದವನು ವಾಸಪ್ಪ. ಇಬ್ಬರೂ ದನ ಹೊಡೆದುಕೊಂಡು ಕಾಡಿಗೆ ಹೋದರೆ ತಮ್ಮ ಯಾವಾಗಲೂ ಹಿಂದೆ. ನೆಲ್ಲಿಕಾಯಿ ಕಂಡರೆ ನಿಂತ, ಹಕ್ಕಿ ಕಂಡರೆ ಕೂತ. ಅವನಿಗೆ ದಾರಿ ತಪ್ಪಬಾರದೆಂದು ಕೆರಿಯಪ್ಪ ಕವಲು ಬಂದಲ್ಲೆಲ್ಲ, ಹೋಗಬಾರದ ದಾರಿಗೆ ಅಡ್ಡವಾಗಿ ಹಸಿ ಸೊಪ್ಪಿನ ಟೊಂಗೆ ಮುರಿದು ಹಾಕುತ್ತಿದ್ದ. ಆ ಸೀಮೆಯಲ್ಲಿ ಮುಂದೆ ಹೋದವರು ಹಿಂದೆ ಬರುವವರಿಗೆ ಹೇಳುವ ರೀತಿಯೇ ಅದು. ಸೊಪ್ಪು ಹಾಕಿದ ದಾರಿ ಮುಚ್ಚಿದ ದಾರಿ. ಅಂಥ ಸೊಪ್ಪನ್ನು ನಂಬಿ ಬೆಳೆದ ಹುಡುಗ, ದೊಡ್ಡ ಯುದ್ಧ ಮುಗಿದ ಮೇಲೆ ಯಾವುದೋ ಹೋಟೆಲಿನವರ ಬೆನ್ನುಹತ್ತಿ ರಂಗೂನಿಗೆ ಹೋದ. ಅಲ್ಲಿ ದೋಸೆ ಹುಯ್ಯುತ್ತಿದ್ದ. ಎರಡು ಮಳೆಗಾಲಕ್ಕೊಂದು ಕಾಗದ ಬರುತ್ತಿತ್ತು.

ಸಾಗರದ ಹೋಟೆಲೊಂದರ ರೇಡಿಯೋದಲ್ಲಿ ಬರ್ಮಾದ ಸುದ್ದಿ ಕೇಳಿದ ಕೆರಿಯಪ್ಪ ಮರುದಿನವೇ ನೇಗಿಲನ್ನು ಹೆಗಲಿಗೇರಿಸಿದ. ಹೆಂಡತಿ ಹುಲಿಯಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಎತ್ತು ಬ್ಯಾಡವಾ?"

"ಎತ್ತು ಎಂತಕ್ಕೆ?"

"ಅಲ್ಲ, ರಂಗೂನು ಹೂಡಕ್ಕೆ ಹೊರಟೀರಿ. ಒಂಟಿ ನೇಗಿಲು ಎಳೆಯೋರು ಯಾರು?"

"ನಿನ್ನ ನಾಲಗೆ ಕಟ್ಟಿದ್ರೆ ಸಾಕು, ಎರಡು ಬೆಳೆ ತೆಗೀಬಹುದು," ಎಂದು ಕೆರಿಯಪ್ಪ ಅಂಗಳ ಇಳಿದ. ಹುಲಿಯಮ್ಮ ಒಳಗೆ ಓಡಿ ರೊಟ್ಟಿಯ ಗಂಟು ತಂದು ಅವನ ಕೈಗೆ ತುರುಕಿದಳು. "ಜೈಲಿನ ಮುದ್ದೆ ನಿಮಗೆ ಆಗಲ್ಲ," ಎಂದಳು.

ತಾಲೂಕು ಕಚೇರಿಯ ಅಂಗಳದಲ್ಲಿ ನೇಗಿಲು ಊರಿ ಕೆರಿಯಪ್ಪ ಕೂತ. ನೇಗಿಲಿನ ಮೊನೆಯನ್ನು ದಿಕ್ಕು ನೋಡಿ, ಸರಿಯಾಗಿ ಪೂರ್ವಕ್ಕೇ ತಿರುಗಿಸಿದ್ದ. ಬರ್ಮಾದ ಸೇನಾಧಿಪತಿಗೆ ಆ ಗಳಿಗೆ ಎಡಗಣ್ಣು ಅದುರಿತೋ ಇಲ್ಲವೋ ಗೊತ್ತಿಲ್ಲ. ಕಚೇರಿಯ ಜವಾನರಿಗಂತೂ ನಗು ತಡೆಯಲಾಗಲಿಲ್ಲ. ಮಧ್ಯಾಹ್ನಕ್ಕೆ ಅಮಲ್ದಾರರೇ ಹೊರಗೆ ಬಂದರು. ವಿಷಯ ಕೇಳಿದರು.

"ಕೆರಿಯಪ್ಪ, ರಂಗೂನು ನನ್ನ ತಾಲೂಕಿಗೆ ಸೇರಲ್ಲ ಮಾರಾಯ."

"ಕಾಗೋಡು ಸೇರಿತ್ತು ಸ್ವಾಮಿ. ಆವಾಗ ನಿಮ್ಮ ಕಚೇರಿಯವರು ಎಂತ ಮಾಡಿದ್ರು? ಮೇಲಿನವರಿಗೆ ಬರೀತೀವಿ ಅಂದ್ರು. ಈಗಲೂ ಹಾಗೇ ಬರೀರಿ."

"ಏನಂತ ಬರೀಲಿ?"

"ಆ ಮಿಲಿಟರಿಯವರಿಗೆ ನಮ್ಮ ಸರ್ಕಾರ ಒಂದು ಮಾತು ಕೇಳಬೇಕು. ರಾಜ್ಯ ನೀವೇ ಇಟ್ಕಳಿ, ನಮ್ಮ ಹುಡುಗರನ್ನ ಕಳಿಸಿ ಅಂತ. ಜಗಳಕ್ಕೆ ಹೋಗೋದು ಬ್ಯಾಡ."

ಕೆರಿಯಪ್ಪ ದನಿ ತಗ್ಗಿಸಿದ.

"ಬ್ಯಾಗ ಆಗಬೇಕು ಸ್ವಾಮಿ. ಕಟ್ಟೆ ಮುಗಿದ್ರೆ ಬೈನೆಸರ ಮುಳುಗ್ತದೆ ಅಂತ ನೀವೇ ಕಲ್ಲು ನೆಟ್ಟು ಹೋಗೀರಿ. ಅವನಿಗೆ ಗೊತ್ತಿರೋದು ಅದೊಂದೇ ಮನೆ. ಬರೋನು ಮನೆ ಇರೋವಾಗ ಬರಬೇಕು."

ಹೊಳೆಗೆ ಅಡ್ಡ ಏಳುತ್ತಿದ್ದ ಆ ಕಟ್ಟೆಯ ಕಾಗದಗಳು ಅಮಲ್ದಾರರ ಮೇಜಿನ ಮೇಲೇ ಇದ್ದವು. ಅವರು ಒಳಗೆ ಹೋದರು.

ಸಂಜೆಗೆ ದಫೇದಾರ ಬಂದ. ಕೆರಿಯಪ್ಪ ಸಂತೋಷದಿಂದ ಎರಡೂ ಕೈ ಮುಂದೆ ಚಾಚಿದ.

"ಏಳು, ಮನೆಗೆ ಹೋಗು."

"ಅರೆಸ್ಟ್ ಮಾಡಲ್ವಾ?"

"ಯಾವ ಕಾನೂನಲ್ಲಿ ಮಾಡ್ಲಿ? ಇಲ್ಲಿ ಹೂಡಿದ್ರೆ ತಾನೇ? ಬರೀ ಕೂತೀಯ."

ಹಾಗಾದರೆ ಹೂಡುತ್ತೇನೆಂದು ಕೆರಿಯಪ್ಪ ಎದ್ದು ಕಚೇರಿಯ ಗಟ್ಟಿ ಅಂಗಳಕ್ಕೆ ನೇಗಿಲು ಒತ್ತಿ ತಾನೇ ಎಳೆದ. ಗೇಣುದ್ದ ಗೀರು ಬಿತ್ತು. ದಫೇದಾರ ಅದನ್ನು ಬೂಟಿನಿಂದ ಉಜ್ಜಿ ಅಳಿಸಿದ. ನಂತರ ಅವನೇ ನೇಗಿಲಿನ ಒಂದು ತುದಿ ಹಿಡಿದು, ಕೆರಿಯಪ್ಪನನ್ನು ಬಸ್ಸಿನವರೆಗೆ ಬಿಟ್ಟು, ನೇಗಿಲನ್ನು ಟಾಪಿನ ಮೇಲೆ ಹಾಕಿಸಿದ. ಕಾಗೋಡಿನ ವೀರನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

ಎರಡು ವರ್ಷ ಕಳೆಯಿತು. ಕಾಗದ ಬರಲಿಲ್ಲ. ಕಟ್ಟೆ ಮುಗಿಯಿತು. ಬೈನೆಸರದವರು ಹೆಂಚು, ಬಾಗಿಲು, ಕೋಳಿ, ಮುದುಕಿಯರನ್ನು ಲಾರಿಗೆ ಹೇರಿಕೊಂಡು ನಿಟ್ಟೂರಿನ ಕಡೆ ಸರ್ಕಾರ ತೋರಿಸಿದ ಜಾಗಕ್ಕೆ ಹೋದರು. ಆ ಮಳೆಗಾಲ ನೀರು ನಿಧಾನವಾಗಿ ಮೇಲೇರಿ ಕೆರಿಯಪ್ಪನ ಗದ್ದೆ ನುಂಗಿತು, ಅಂಗಳ ನುಂಗಿತು, ಕೊನೆಗೆ ಹಿರಿಯರಿಗೆ ಎಡೆ ಇಡುತ್ತಿದ್ದ ನಡುಮನೆಯ ಕಂಬವನ್ನೂ ನುಂಗಿತು.

ಅದೇ ವರ್ಷ ರೇಡಿಯೋ ಇನ್ನೊಂದು ಸುದ್ದಿ ಹೇಳಿತು. ಬರ್ಮಾದಲ್ಲಿರುವ ನಮ್ಮವರನ್ನು ತರಲು ನಮ್ಮ ಸರ್ಕಾರ ಹಡಗು ಕಳಿಸುತ್ತಿದೆ!

"ನೋಡಿದ್ಯಾ?" ಕೆರಿಯಪ್ಪ ಕುಣಿದ. "ಹೆದರಿದ್ದು ಯಾವುದಕ್ಕೆ? ನೇಗಿಲಿಗೆ!"

"ಹೌದೌದು. ಗೇಣು ಹೂಡಿದ್ದಕ್ಕೇ ಹಡಗು ಬಂತು. ಪೂರಾ ಹೂಡಿದ್ರೆ ರಂಗೂನೇ ಇಲ್ಲಿಗೆ ಬರ್ತಿತ್ತು," ಎಂದಳು ಹುಲಿಯಮ್ಮ. ಹೇಳುತ್ತ ಹೇಳುತ್ತಲೇ ಮೈದುನನಿಗೆಂದು ಹೊಸ ಚಾಪೆ ತೆಗೆದಿಟ್ಟಳು.

ಅಂದಿನಿಂದ ಕೆರಿಯಪ್ಪನಿಗೆ ಒಂದೇ ಚಿಂತೆ. ತಮ್ಮ ಬಂದರೆ ಹಳೆ ದಾರಿ ಹಿಡಿದು ನೇರ ನೀರಿಗೆ ಇಳಿಯುತ್ತಾನೆ. ಅದಕ್ಕೆ ಸಾಗರದ ಸಂತೆಗೆ ಹೋಗುವಾಗಲೆಲ್ಲ ಬೈನೆಸರದ ಕವಲಿನಲ್ಲಿ ಬಸ್ಸಿನಿಂದ ಇಳಿದು, ಹಳೆ ದಾರಿಗೆ ಅಡ್ಡ ಒಂದು ಹಸಿ ಮತ್ತಿ ಟೊಂಗೆ ಹಾಕುತ್ತಿದ್ದ. ಒಣಗಿದ ಸೊಪ್ಪಿನ ಮಾತನ್ನು ಯಾರು ಕೇಳುತ್ತಾರೆ? ಕಂಡಕ್ಟರು ಕೀಟಲೆಯವನು. ಕವಲು ಬಂದೊಡನೆ ಸೀಟಿ ಊದಿ, "ರಂಗೂನ್! ರಂಗೂನ್ ಇಳಿಯೋರು!" ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಕೆರಿಯಪ್ಪ ರಾಜಗಾಂಭೀರ್ಯದಿಂದ ಇಳಿಯುತ್ತಿದ್ದ.

ಒಂದು ದಿನ ತೀರ್ಥಹಳ್ಳಿಯಿಂದ ಹೇಳಿಕೆ ಬಂತು. ಗಣೇಶಮೂರ್ತಿ ಎಂಬ ಅಡುಗೆಯವರು ಹಡಗಿನಲ್ಲಿ ಊರಿಗೆ ಮರಳಿದ್ದಾರೆ, ವಾಸಪ್ಪನಿದ್ದ ಹೋಟೆಲಿನವರೇ. ಕೆರಿಯಪ್ಪ ಓಡಿದ. ಗಣೇಶಮೂರ್ತಿ ಅವನನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಬಹಳ ಹೊತ್ತು ಮಳೆಯ ಮಾತಾಡಿದರು. ಕೆರಿಯಪ್ಪನಿಗೆ ಆಗಲೇ ತಿಳಿಯಿತು.

"ಹಡಗಿಗೆ ಕಾಯ್ತಾ ಇದ್ವಿ," ಎಂದರು ಕೊನೆಗೆ. "ಜ್ವರ ಬಂತು. ಅವನ ಪಾಳಿ ಬರೋ ಹೊತ್ತಿಗೆ ಅವನೇ ಇರಲಿಲ್ಲ. ಊರಿನ ಮಾತೇ ಆಡ್ತಿದ್ದ ಕೆರಿಯಪ್ಪ. ಕವಲಲ್ಲಿ ಇಳಿಸಿಬಿಟ್ರೆ ಸಾಕು, ಅಲ್ಲಿಂದ ಕಣ್ಣು ಮುಚ್ಕೊಂಡು ಮನೆಗೆ ಹೋಗ್ತೀನಿ ಅಂತಿದ್ದ."

"ಊರು ಮುಳುಗಿದ್ದು ಅವನಿಗೆ ಗೊತ್ತಿತ್ತಾ?"

"ಇಲ್ಲ."

ಸತ್ತವರನ್ನು ದಿನ ನೋಡಿ ಮನೆಯೊಳಗೆ ಕರೆದು ಹಿರಿಯರ ಜೊತೆ ಸೇರಿಸುವುದು ಅವರ ಪದ್ಧತಿ. ಹುಲಿಯಮ್ಮ ಹೊಸ ಮನೆಯಲ್ಲೇ ಎಡೆಗೆ ಅಣಿಮಾಡಿದಳು. ಕೆರಿಯಪ್ಪ ಏಳಲಿಲ್ಲ.

"ಇಲ್ಲಿಗೆ ಕರೆದ್ರೆ ಬರ್ತಾನಾ? ಈ ಮನೇಲಿ ಇನ್ನೂ ಯಾರೂ ಸತ್ತಿಲ್ಲ. ಗುರುತಿನೋರು ಯಾರಿದ್ದಾರೆ ಅವನಿಗೆ? ಅಪ್ಪ ಅವ್ವ ಎಲ್ಲ ಅಲ್ಲೇ, ಆ ಕಂಬದ ಹತ್ರ."

ಹುಲಿಯಮ್ಮ ಎಡೆಯನ್ನು ಬಾಳೆಲೆಯಲ್ಲಿ ಕಟ್ಟಿದಳು.

ಇಬ್ಬರೂ ಕವಲಿನಲ್ಲಿ ಇಳಿದರು. ಹಿಂದಿನ ಸಂತೆಯ ಟೊಂಗೆ ಅರ್ಧ ಬಾಡಿ ದಾರಿಗೆ ಅಡ್ಡ ಮಲಗಿತ್ತು. ಆಚೆ ಇಳಿಜಾರಿನ ಕೊನೆಗೆ ನೀರು. ನೀರಿನ ನಡುವೆ ಒಣಗಿದ ಮರಗಳ ತಲೆ. ಕೆರಿಯಪ್ಪ ಬಗ್ಗಿ ಟೊಂಗೆಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ಉದುರಿದ ಎಲೆಗಳನ್ನೂ ಬಿಡದೆ ಆರಿಸಿ ತೆಗೆದ.

"ಹೋಗು ತಮ್ಮಾ," ಎಂದ. "ದಾರಿ ಬಿಟ್ಟೀನಿ."

ಎಡೆಯನ್ನು ನೀರಂಚಿನಲ್ಲಿಟ್ಟು ಹುಲಿಯಮ್ಮ ಮೇಲೆ ಬರುವವರೆಗೂ ಅವನು ಅಲ್ಲೇ ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಕೊಟ್ಟವನ ಹಾಗೆ ನಿಂತಿದ್ದ.

ಮುಂದಿನ ಸಂತೆಯ ದಿನ ಕವಲು ಬಂತು. ಕಂಡಕ್ಟರು ಎಂದಿನಂತೆ ಸೀಟಿ ಊದಿ ಬಸ್ಸು ನಿಲ್ಲಿಸಿದ. "ರಂಗೂನ್! ರಂಗೂನ್ ಇಳಿಯೋರು!"

ಕೆರಿಯಪ್ಪ ಕಿಟಕಿಯ ಪಕ್ಕ ಕೂತೇ ಇದ್ದ. ಕಂಡಕ್ಟರು ಅವನ ಮುಖ ನೋಡಿದ. ಇನ್ನೊಮ್ಮೆ ಕೂಗಲಿಲ್ಲ.