ಯುಗಾದಿಯಿಂದ ಇಳಿಯದ ಮುದ್ದೆ

ಎತ್ತಿನ ಹಲ್ಲು ನೋಡಿಯೇ ವಯಸ್ಸು ಹೇಳುತ್ತಿದ್ದ ದಲ್ಲಾಳಿ ನಾನು. ಎಪ್ಪತ್ತರ ದಶಕದಲ್ಲಿ ಹೆಂಡತಿಗೆ ಅನ್ನನಾಳದ ಕ್ಯಾನ್ಸರ್ ಎಂದಾಗ, ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಅಲ್ಲಿ ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿತ್ತು. ರೋಗ ಬಲಿಯದವರಿಗೆ ಮಾತ್ರ ಅವಕಾಶ.

“ಊಟ ಇಳಿಯದೆ ಎಷ್ಟು ದಿನವಾಯ್ತು?” ಎಂದರು ಡಾಕ್ಟರು.

ನನಗೆ ತಿಳಿದಂತೆ ಒಂದು ತಿಂಗಳು. “ಹದಿನೈದು ದಿನ ಸ್ವಾಮಿ,” ಎಂದು ಇಳಿಸಿ ಹೇಳಿದೆ.

“ಇದೇನ್ ಎತ್ತಿನ್ ಯಾಪಾರ್ವಾ?” ಎಂದು ಹೆಂಡತಿ ನನ್ನತ್ತ ತಿರುಗಿದಳು. “ಯುಗಾದಿಯಿಂದ್ಲೂ ಮುದ್ದೆ ಇಳೀತಿಲ್ಲ ಸ್ವಾಮಿ.”

ಆಗ ದೀಪಾವಳಿ ಹತ್ತಿರ ಬಂದಿತ್ತು. “ಹಾಗಾದ್ರೆ ಇದಕ್ಕೆ ಸೇರಿಸ್ಕೊಳ್ಳೋಕಾಗಲ್ಲ,” ಎಂದು ಡಾಕ್ಟರು ಪೆನ್ನು ಮುಚ್ಚಿದರು.

ದಿನವೂ ನಾನು ಉಂಡೆದ್ದ ಮೇಲೆ ಅವಳು ಒಲೆ ಮುಂದೆ ಗಂಜಿ ಕುಡಿಯುತ್ತಿದ್ದಳಂತೆ.

ನಿಮ್ಮ ಮನೆಯಲ್ಲೂ ಇಂಥ ಕಾಯಿಲೆ ಬಂದರೆ ಹೊಸ ಔಷಧಿ ಎಲ್ಲಿದೆಯೆಂದು ವಿಚಾರಿಸಿ, ಬೇಗ ಹೋಗಿ. ಅದಕ್ಕೂ ಮೊದಲು ಮನೆಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ನಾನೀಗ ಒಬ್ಬನೇ ಉಣ್ಣುತ್ತೇನೆ.