ದಡ್ಡ ವಿದ್ಯಾರ್ಥಿ ಬೇಕಾಗಿದ್ದಾನೆ

ಇಂಗ್ಲೆಂಡಿಗೆ ನಾನು ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು. ಅವಳು ಶೆಫೀಲ್ಡಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, ನಾನು ಅವಳ ಡಿಪೆಂಡೆಂಟು. ಇದು ನಾನು ಇಟ್ಟುಕೊಂಡ ಬಿರುದಲ್ಲ, ಸರಕಾರವೇ ಪಾಸ್‌ಪೋರ್ಟಿನಲ್ಲಿ ಅಚ್ಚು ಹಾಕಿ ಕೊಟ್ಟಿತ್ತು. ಅದಕ್ಕಿಂತ ಮೊದಲು ಧಾರವಾಡದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವನು ನಾನು. ಸವದತ್ತಿ, ಕಲಘಟಗಿ ಕಡೆಯಿಂದ ಬರುತ್ತಿದ್ದ ಹುಡುಗರಿಗೆ ಇಂಗ್ಲಿಷ್ ಪೀರಿಯಡ್ ಅಂದರೆ ಜ್ವರ ಬರುತ್ತಿತ್ತು. ವರ್ಷ ತುಂಬುವುದರೊಳಗೆ ಅದೇ ಹುಡುಗರು ಮಾರ್ಕ್ಸ್ ಕಡಿಮೆ ಆಯಿತೆಂದು ನನ್ನ ಜೊತೆ ಇಂಗ್ಲಿಷಿನಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಅದು ನನ್ನ ಹೆಮ್ಮೆ, ಮುಚ್ಚಿಡುವುದಿಲ್ಲ.

ಶೆಫೀಲ್ಡಿನ ಬ್ರೂಮ್‌ಹಿಲ್ ಬಡಾವಣೆಗೆ ಬಂದ ಮೇಲೆ ನನ್ನ ಕೆಲಸ ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಹೆಂಡತಿಯ ಡ್ಯೂಟಿಯ ರೋಟಾ ನೋಡಿಕೊಂಡು ಅನ್ನಕ್ಕಿಡುವುದು. ಇಲ್ಲಿನ ಶಾಲೆಗಳಿಗೆ ನನ್ನ ಎಂ.ಎ. ಸಾಲದು, ಇಲ್ಲಿಯದೇ ಟ್ರೇನಿಂಗ್ ಬೇಕು. ಆಗೀಗ ನಮ್ಮ ಕಡೆಯವರು, ಹೆಚ್ಚಿನವರು ಡಾಕ್ಟರುಗಳೇ, ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದರು. ಗಂಡಸರ ಮೊದಲ ಪ್ರಶ್ನೆ, "ಯಾವ ಹಾಸ್ಪಿಟಲ್ ಸರ್ ನಿಮ್ದು?" ಯಾವುದೂ ಇಲ್ಲ ಅಂದರೆ, "ಓ, ಜಿಪಿನಾ, ಕ್ಲಿನಿಕ್ಕಾ?" ಅದೂ ಅಲ್ಲ ಅಂದರೆ ಪಾಪ, ತಟ್ಟೆಯಲ್ಲಿದ್ದ ಕೋಸಂಬರಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗುತ್ತಿದ್ದರು.

ನನಗೆ ಬೇಕಾಗಿದ್ದದ್ದು ಒಂದೇ. ಒಂದು ಬೋರ್ಡು, ಎದುರಿಗೆ ನಾಲ್ಕು ಜನ, ಅವರಿಗೆ ಗೊತ್ತಿಲ್ಲದ್ದನ್ನು ಗೊತ್ತು ಮಾಡಿಸುವ ಕೆಲಸ. ಅದಿಲ್ಲದೆ ನಾನು ದಿನದಿಂದ ದಿನಕ್ಕೆ ಸಿಡುಕನಾಗುತ್ತಿದ್ದೆ. ಪೋಸ್ಟಿನವನು ತಪ್ಪು ಮನೆಗೆ ಕಾಗದ ಹಾಕಿದರೂ ಅವನಿಗೆ ಪಾಠ ಶುರು ಮಾಡುತ್ತಿದ್ದೆ.

ಆಗ ಕಣ್ಣಿಗೆ ಬಿದ್ದದ್ದು ಜಪಾನಿನ ಇಂಗ್ಲಿಷ್ ಮಾತುಗಾರಿಕೆ ಶಾಲೆಗಳ ಜಾಹೀರಾತು. ಆಫೀಸು ಮುಗಿಸಿ ಬಂದವರು, ಗೃಹಿಣಿಯರು, ಚಿಕ್ಕ ಮಕ್ಕಳು ದುಡ್ಡು ಕೊಟ್ಟು ಇಂಗ್ಲಿಷ್ ಮಾತಾಡಲು ಕಲಿಯುವ ಶಾಲೆಗಳಂತೆ. ಅಲ್ಲಿಗೆ ಕಲಿಸುವವರನ್ನು ಇಂಗ್ಲೆಂಡಿನಲ್ಲೇ ಸಂದರ್ಶನ ಮಾಡಿ ಒಯ್ಯುತ್ತಾರೆ. ಯಾವ ಡಿಗ್ರಿಯಾದರೂ ನಡೆಯುತ್ತದೆ. ಅನುಭವ ಬೇಕಿಲ್ಲ. ನಗುಮುಖ ಕಡ್ಡಾಯ.

ಹೆಂಡತಿಗೆ ತೋರಿಸಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ನೈಟ್ ಡ್ಯೂಟಿ ಮುಗಿಸಿ ಬಂದಿದ್ದಳು, ಶೂ ಕೂಡ ಬಿಚ್ಚಿರಲಿಲ್ಲ. "ಒಂದು ವರ್ಷ ಹೋಗಿ ಬರ್ರಿ," ಅಂದಳು. "ನಮ್ಮ ಅವ್ವನ್ನ ಕರಸ್ಕೋತೀನಿ. ಹಿಂಗ ಮನ್ಯಾಗ ಕುಂತ್ರ ನೀವೂ ಹುಚ್ಚ ಆಗ್ತೀರಿ, ನನಗೂ ಹುಚ್ಚ ಹಿಡಸ್ತೀರಿ."

ಮೊದಲನೆಯ ಕಂಪನಿಯ ಅರ್ಜಿಯಲ್ಲಿ, ಇಂಗ್ಲಿಷ್ ನಿಮ್ಮ ಮಾತೃಭಾಷೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಇಲ್ಲ ಅಂತ ಒತ್ತಿದೆ. ಅರ್ಜಿ ಅಲ್ಲಿಗೇ ಬಾಗಿಲು ಹಾಕಿಕೊಂಡಿತು. ಮುಂದಿನ ಪುಟವೇ ತೆರೆಯಲಿಲ್ಲ! ಉಳಿದದ್ದನ್ನು ಕೇಳುವ ಸೌಜನ್ಯವೂ ಬೇಡವೇನ್ರಿ?

ಎರಡನೆಯ ಕಂಪನಿಗೆ ಹಲ್ಲು ಕಾಣುವ ಫೋಟೋ ಬೇಕಿತ್ತು. ನಾನು ಮದುವೆ ಫೋಟೋದಲ್ಲೇ ಹಲ್ಲು ಬಿಟ್ಟವನಲ್ಲ. ಹೆಂಡತಿ ಫೋನ್ ಹಿಡಿದು, "ಇನ್ನಷ್ಟ, ಇನ್ನಷ್ಟ," ಅನ್ನುತ್ತಾ ಅಡುಗೆಮನೆಯ ಗೋಡೆಗೆ ನಿಲ್ಲಿಸಿ ತೆಗೆದಳು. ಆಮೇಲೆ ನೋಡಿ, "ಡೆಂಟಿಸ್ಟ್‌ಗೆ ಕಳಸ್ಬಹುದು," ಅಂದಳು. ಆ ಫೋಟೋ ನೋಡಿಯೂ ಅವರು ಬರ್ಮಿಂಗ್‌ಹ್ಯಾಮಿನಿಂದ ಫೋನ್ ಮಾಡಿದರು. ಮಾತಾಡಿದವನು ಆ ಊರಿನವನೇ ಇರಬೇಕು, ಅವನ ಮಾತು ತಿಳಿಯದೆ ಮತ್ತೆ ಮತ್ತೆ "ಪಾರ್ಡನ್?" ಅನ್ನಬೇಕಾಯಿತು. ಕೊನೆಗೆ ತಿಳಿದದ್ದು ಇಷ್ಟು: ನನ್ನ ಇಂಗ್ಲಿಷ್ ಬಹಳ ಚೆನ್ನಾಗಿದೆ, ಆದರೆ ಜಪಾನಿನ ಗಿರಾಕಿಗಳಿಗೆ ಸ್ಪಷ್ಟವಾದ ಬ್ರಿಟಿಷ್ ಉಚ್ಚಾರ ಬೇಕು. ಎಲಾ ಇವನ! ಫೋನ್ ಇಟ್ಟ ಮೇಲೆ ನಕ್ಕೆ, ಸಿಟ್ಟೂ ಬಂತು. ಸಿಟ್ಟೇ ಜಾಸ್ತಿ.

ಮೂರನೆಯವರು ಮ್ಯಾಂಚೆಸ್ಟರಿಗೆ ಕರೆದರು. ಸ್ಟೇಷನ್ ಹತ್ತಿರದ ಹೋಟೆಲಿನ ಒಂದು ರೂಮು. ಬಂದವರೆಲ್ಲ ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ಒಬ್ಬ ಸಮುದ್ರಜೀವಿಗಳ ಬಗ್ಗೆ ಓದಿದವನು, ಒಬ್ಬಳು ಪಬ್ಬಿನಲ್ಲಿ ಕೆಲಸಕ್ಕಿದ್ದವಳು, ಇನ್ನೊಬ್ಬನಿಗೆ ಜಪಾನಿನ ಕಾರ್ಟೂನುಗಳ ಹುಚ್ಚು. ನಲವತ್ತು ದಾಟಿದವನು, ಟೈ ಕಟ್ಟಿಕೊಂಡವನು ನಾನೊಬ್ಬನೇ. ಬಾಗಿಲಲ್ಲಿ ಒಬ್ಬ ಹುಡುಗ ನನ್ನನ್ನೇ ಸಂದರ್ಶಕನೆಂದುಕೊಂಡು ಕೈಕುಲುಕಿದ. ಆ ಒಂದು ನಿಮಿಷ ಜೀವಕ್ಕೆ ಬಹಳ ಹಿತವಾಯಿತು.

ನಿಜವಾದ ಸಂದರ್ಶಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮುಖದ ಮೇಲಿನ ನಗುವನ್ನು ಒಂದು ಕ್ಷಣವೂ ಕೆಳಗಿಳಿಸುತ್ತಿರಲಿಲ್ಲ. ಪಕ್ಕದಲ್ಲಿ ಜಪಾನಿನ ಮ್ಯಾನೇಜರ್ ಗೋಡೆ ನೋಡುತ್ತಾ ಕೂತಿದ್ದ. ಪರೀಕ್ಷೆ ಹೀಗೆ: ಒಬ್ಬೊಬ್ಬರೂ ಐದು ನಿಮಿಷ ಪಾಠ ಮಾಡಬೇಕು, ಉಳಿದವರು ಇಂಗ್ಲಿಷ್ ಬಾರದ ವಿದ್ಯಾರ್ಥಿಗಳಾಗಿ ನಟಿಸಬೇಕು. ನನಗೆ ಬಂದ ವಿಷಯ ಹೋಟೆಲಿನಲ್ಲಿ ತಿಂಡಿ ಕೇಳುವುದು. ಕೇಳುವಾಗ ವಿನಯ ಯಾಕೆ ಬೇಕು, ಅದು ಮಾತಿನಲ್ಲಿ ಹೇಗೆ ಬಂತು ಅಂತ ಅಡಿಪಾಯದಿಂದ ಹಿಡಿದೆ. ವಿದ್ಯಾರ್ಥಿಗಳು ಬಾಯಿ ತೆರೆಯುವ ಮೊದಲೇ ಗಂಟೆ ಹೊಡೆಯಿತು. ನನ್ನ ಹೋಟೆಲಿನಲ್ಲಿ ಯಾರಿಗೂ ತಿಂಡಿ ಸಿಗಲಿಲ್ಲ.

ಆದರೆ ವಿದ್ಯಾರ್ಥಿಯಾಗಿ ಕೂತಾಗ ನೋಡಬೇಕಿತ್ತು ನನ್ನನ್ನು! ಆ ಹುಡುಗರಿಗೆ ಕೆಟ್ಟ ಇಂಗ್ಲಿಷ್ ಬರುವುದೇ ಇಲ್ಲ. ಬಾರದವರ ಹಾಗೆ ತಲೆ ಕೆರೆದುಕೊಂಡು ಕೊನೆಗೆ ಸರಿಯಾದ ವಾಕ್ಯವನ್ನೇ ಹೇಳಿಬಿಡುತ್ತಿದ್ದರು. ಸರಿಯಾಗಿ ತಪ್ಪು ಮಾಡುವುದಕ್ಕೆ ತಪ್ಪುಗಳ ಜೊತೆ ಸಂಸಾರ ಮಾಡಿರಬೇಕು ರೀ. "ಮೀ ಈಸ್ ವಾಂಟಿಂಗ್ ಒನ್ ಕಾಫಿ," ಅಂದೆ. ಅಷ್ಟು ಹೊತ್ತು ಗೋಡೆ ನೋಡುತ್ತಿದ್ದ ಜಪಾನಿನ ಮ್ಯಾನೇಜರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನನ್ನ ತಪ್ಪುಗಳ ದೆಸೆಯಿಂದ ನನಗೆ ಪಾಠ ಮಾಡಿದವರೆಲ್ಲ ಒಳ್ಳೆಯ ಮೇಷ್ಟ್ರುಗಳಾಗಿ ಕಂಡರು.

ವಾರದ ನಂತರ ಬೇಡವೆಂಬ ಇಮೇಲ್ ಬಂತು. ಫೋನ್ ಮಾಡಿ ಕಾರಣ ಕೇಳಿದೆ. ಸಂದರ್ಶಕಿ ನಗುತ್ತಲೇ ಹೇಳಿದಳು, "ನಿಮಗೆ ತುಂಬಾ ಗೊತ್ತಿದೆ ಅಂತ ಕಂಡುಬಿಡುತ್ತದೆ. ನಮ್ಮ ವಿದ್ಯಾರ್ಥಿಗಳು ಹೆದರಬಹುದು." ಶಿವಶಿವಾ, ಗೊತ್ತಿರುವುದು ಹೀಗೆ ಅಡ್ಡ ಬರುತ್ತದೆಂದು ಎಂ.ಎ. ಓದುವಾಗ ಯಾರೂ ಹೇಳಿರಲಿಲ್ಲ. ಆ ದಿನ ಅನ್ನ ತಳ ಹಿಡಿಯಿತು. ಮಗಳು, ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಬಟ್ ಅಪ್ಪಾ, ಯು ಡೂ ಟಾಕ್ ಟೂ ಮಚ್," ಅಂದಳು. ಅವಳಿಗೆ ಆಗ ಏಳು ವರ್ಷ. ಉಚ್ಚಾರ ಅಪ್ಪಟ ಇಲ್ಲಿನದೇ, ಯಾರ್ಕ್‌ಶೈರಿನದು, ಜಪಾನಿನವರು ಅವಳನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು.

ಸ್ವಲ್ಪ ದಿನ ಬಿಟ್ಟು ಸಂದರ್ಶಕಿಯದೇ ಫೋನ್ ಬಂತು. ಮನಸ್ಸು ಬದಲಾಯಿಸಿದರು ಅಂತ ಹಿಗ್ಗಿದೆ. ಹಾಗೇನೂ ಇರಲಿಲ್ಲ. ಆರಿಸಿದ ಹುಡುಗರಿಗೆ ಹೊರಡುವ ಮುನ್ನ ಲೀಡ್ಸ್‌ನಲ್ಲಿ ಒಂದು ದಿನದ ತರಬೇತಿಯಂತೆ. ಅವರು ಪಾಠ ಮಾಡಿ ಅಭ್ಯಾಸ ಮಾಡಲು ವಿದ್ಯಾರ್ಥಿಯೊಬ್ಬ ಬೇಕಂತೆ, ಏನೂ ಬಾರದವನು. ಮ್ಯಾನೇಜರಿಗೆ ನನ್ನ ನೆನಪು ಇನ್ನೂ ಹೋಗಿಲ್ಲವಂತೆ. ರೈಲಿನ ಖರ್ಚು, ಮೇಲೊಂದಿಷ್ಟು ದಿನಗೂಲಿ, ಮಧ್ಯಾಹ್ನ ಸ್ಯಾಂಡ್‌ವಿಚ್.

"ಹೋಗಬ್ಯಾಡ್ರಿ," ಅಂದಳು ಹೆಂಡತಿ. ನನಗಿಂತ ಅವಳಿಗೇ ಹೆಚ್ಚು ಅವಮಾನವಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು. "ಕಲಸಾಕ ಬ್ಯಾಡಾದವರು ದಡ್ಡ ಆಗಾಕ ಬೇಕಾದ್ರೇನು? ಮರ್ಯಾದಿ ಅಂತ ಒಂದು ಐತಿಲ್ಲೋ?"

"ಬೋರ್ಡ್ ಇರ್ತೈತಿ," ಅಂದೆ. ಕ್ಲಾಸೊಂದರ ಒಳಗೆ ಕೂರುವುದಕ್ಕೆ ಅಷ್ಟು ಹಸಿದಿದ್ದೆ.

ಲೀಡ್ಸ್‌ನ ಆ ರೂಮಿನಲ್ಲಿ ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಒಬ್ಬೊಬ್ಬರೇ ಬಂದು ನನಗೆ ಇಂಗ್ಲಿಷ್ ಕಲಿಸಿದರು. ಸಮುದ್ರಜೀವಿಗಳ ಹುಡುಗ ನಾನು ಕಿವುಡನೇನೋ ಅನ್ನುವಂತೆ ಕೂಗಿದ. ಕಾರ್ಟೂನಿನವನು ಹೆಬ್ಬೆರಳೆತ್ತಿ ನನ್ನ ಬೆನ್ನು ತಟ್ಟಿದ. ನಾನು ಧಾರವಾಡದ ನನ್ನ ಹಳೆಯ ಹುಡುಗರನ್ನೆಲ್ಲ ಮೈಮೇಲೆ ತಂದುಕೊಂಡಿದ್ದೆ. ಎಲ್ಲದಕ್ಕೂ ತಲೆ ಆಡಿಸುವವನು, ತಿಳಿಯದಿದ್ದಾಗ ನಗುವವನು, ಗೊತ್ತಿದ್ದರೂ ಹೆದರಿ ಸುಮ್ಮನಿರುವವನು. ತಮಾಷೆಗೆಂದು ಶುರು ಮಾಡಿದೆ, ನಡುವೆ ಅವರೆಲ್ಲ ಒಬ್ಬೊಬ್ಬರಾಗಿ ನೆನಪಾದರು.

ಆಮೇಲೆ ಪಬ್ಬಿನ ಹುಡುಗಿಯ ಸರದಿ. ಎರಡು ಪ್ರಶ್ನೆ ಕೇಳಿ ಮುಂದೇನೆಂದು ಮರೆತು ನಿಂತಳು. ನಾನು ಬೇಕೆಂದೇ ಒಂದು ತಪ್ಪು ಉತ್ತರ ಕೊಟ್ಟೆ. ಅದನ್ನು ತಿದ್ದಿದರೆ ಮುಂದಿನ ಹೆಜ್ಜೆ ತಾನೇ ಸಿಗುವಂಥ ತಪ್ಪು. ತಿದ್ದಿದಳು. ಇನ್ನೊಂದು ಕೊಟ್ಟೆ. ಅದನ್ನೂ ತಿದ್ದಿದಳು. ಕೊನೆಗೆ ನಾನು ಒಂದಿಡೀ ವಾಕ್ಯ ನೆಟ್ಟಗೆ ಹೇಳಿದಾಗ ಅವಳ ಮುಖ ಅರಳಿತು, ಎಲ್ಲರೂ ಚಪ್ಪಾಳೆ ಹೊಡೆದರು.

ಸಂದರ್ಶಕಿ ನನ್ನ ಬಳಿ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಅದ್ಭುತ. ಆದರೆ ನೀವು ಸ್ವಲ್ಪ ಬೇಗ ಕಲಿತುಬಿಟ್ಟಿರಿ. ಜಪಾನಿನಲ್ಲಿ ಹಾಗಾಗುವುದಿಲ್ಲ. ಮುಂದಿನ ಸಲ ಇನ್ನಷ್ಟು ನಿಧಾನಕ್ಕೆ ಕಲಿಯುತ್ತೀರಾ?"

ಅಲ್ಲಿಯವರೆಗೆ ನುಂಗಿಕೊಂಡಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. ಎದ್ದು ನಿಂತೆ. ಬೆಳಗಿನಿಂದ ಮೊದಲ ಸಲ ನನ್ನ ಸ್ವಂತ ಇಂಗ್ಲಿಷಿನಲ್ಲಿ ಮಾತಾಡಿದೆ. ಹುಡುಗರು ಹೌಹಾರಿದರು. ಮ್ಯಾಂಚೆಸ್ಟರಿನಲ್ಲಿ ನನ್ನ ಪಾಠ ಕೇಳಿದವರೇ ಆದರೂ, ಬೆಳಗಿನಿಂದ ಕಲಿಸಿ ಕಲಿಸಿ ನನಗೆ ಇಂಗ್ಲಿಷ್ ಬರುತ್ತದೆಂಬುದನ್ನೇ ಮರೆತುಬಿಟ್ಟಿದ್ದರು. ಬೆನ್ನು ತಟ್ಟಿದವನ ಮುಖ ಕೆಂಪಾಯಿತು.

"ಈ ಕುರ್ಚಿಯಲ್ಲಿ ಕೂತವನು ದಡ್ಡನಲ್ಲ," ಅಂದೆ. "ಮನೆಯಲ್ಲಿ ಅವನು ಜೋಕ್ ಮಾಡುತ್ತಾನೆ, ಮಾವನ ಜೊತೆ ಜಗಳ ಆಡುತ್ತಾನೆ, ಆಫೀಸಿನಲ್ಲಿ ಹತ್ತು ಜನರನ್ನು ಆಳುತ್ತಾನೆ. ನಿಮ್ಮ ಭಾಷೆಯೊಳಗೆ ಬಂದಾಗ ಮಾತ್ರ ಎರಡು ವರ್ಷದ ಕೂಸು. ಕೂಸಿನ ಜೊತೆ ಮಾತಾಡಬೇಡಿ, ಅವನ ಜೊತೆ ಮಾತಾಡಿ. ನಕ್ಕರೆ ಅವನಿಗೆ ತಿಳಿದಿಲ್ಲ. ತಲೆ ಆಡಿಸಿದರೂ ತಿಳಿದಿಲ್ಲ. ಸುಮ್ಮನಿದ್ದರೆ ಯೋಚನೆ ಮಾಡುತ್ತಿದ್ದಾನೆ, ಅವಸರ ಮಾಡಬೇಡಿ."

ಪಬ್ಬಿನ ಹುಡುಗಿ ಮೆಲ್ಲಗೆ ಕೇಳಿದಳು, "ಆ ಸುಮ್ಮನಿರುವುದನ್ನು ಹೇಗೆ ತಡೆದುಕೊಳ್ಳೋದು? ನನಗೆ ಭಯವಾಗುತ್ತದೆ."

ಅವಳನ್ನೇ ಆ ಕುರ್ಚಿಯಲ್ಲಿ ಕೂರಿಸಿದೆ. ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ, ಕನ್ನಡದಲ್ಲಿ "ನೀರು," ಅಂದೆ. ಕುಡಿದು ತೋರಿಸಿ, "ನನಗ ನೀರು ಬೇಕು," ಅಂದೆ. ಅಲ್ಲಿಂದ ಒಂದೇ ಒಂದು ಇಂಗ್ಲಿಷ್ ಶಬ್ದ ಬಳಸಲಿಲ್ಲ. ಅವಳು ಬಾಯಿ ತೆರೆದಳು, ಮುಚ್ಚಿದಳು. ನಾನು ಕಾದೆ. ಇಡೀ ರೂಮು ಕಾಯಿತು. ಕೊನೆಗೆ, "ನಂಗ... ನೀರ್... ಬೇಕ್," ಅಂದಳು. ಬಾಟಲಿ ಕೊಟ್ಟೆ. ಆಮೇಲೆ ಪಾಳಿ ಹಚ್ಚಿ ಎಲ್ಲರೂ. ಸಮುದ್ರಜೀವಿಗಳ ಹುಡುಗ ಕೂಗಿಯೇ ಕೇಳಿದ, ಅವನಿಗೂ ನೀರು ಸಿಕ್ಕಿತು. ಬೇಕು, ಬ್ಯಾಡ, ಇನ್ನಷ್ಟು, ಸಾಕು, ಎಲ್ಲ ಆಯಿತು. ಬೋರ್ಡಿನ ಮೇಲೆ ಚಿತ್ರ ಬರೆದೆ, ಮಾರ್ಕರ್ ಒಣಗುವವರೆಗೆ ಬರೆದೆ. ಜಪಾನಿನ ಮ್ಯಾನೇಜರ್ ಎಲ್ಲರಿಗಿಂತ ಚೆನ್ನಾಗಿ ಹೇಳಿ ನನಗೆ ತಲೆಬಾಗಿ ನಮಸ್ಕಾರ ಮಾಡಿದ. ಸಂದರ್ಶಕಿಗೆ ಮಾತ್ರ ನಾಲಗೆ ಹೊರಳಲಿಲ್ಲ. "ನಿಮ್ಮದು ಸ್ವಲ್ಪ ನಿಧಾನ, ಪರವಾಗಿಲ್ಲ," ಅಂತ ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ, ದೊಡ್ಡ ದನಿಯಲ್ಲಿ ಹೇಳಿದೆ. ಅದರಲ್ಲಿ ನನಗೆ ಸಿಕ್ಕ ಸಂತೋಷವನ್ನು ಸುಳ್ಳು ಹೇಳಿ ಕಡಿಮೆ ಮಾಡಲಾರೆ.

ನಾನು ಹೊರಟಾಗ ಆಕೆ ಬಾಗಿಲವರೆಗೆ ಬಂದಳು. ಆಗ ಮುಖದಲ್ಲಿ ನಗು ಇರಲಿಲ್ಲ. ಇನ್ನು ಮುಂದೆ ನನ್ನ ಅಗತ್ಯ ಬೀಳಲಾರದು, ತರಬೇತಿಗೆ ಒಂದು ಚೌಕಟ್ಟಿದೆ, ನಾನು ಅದನ್ನು ಮೀರಿದೆ ಅಂದಳು. ಹುಡುಗರು ಒಳಗೆ ಇನ್ನೂ ಒಬ್ಬರಿಗೊಬ್ಬರು ನೀರು ಕೇಳುತ್ತಿದ್ದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಶಿಫ್ಟ್ ಬದಲಾಯಿಸಿಕೊಂಡು ಬೇಗ ಬಂದಿದ್ದಳು. ನನ್ನ ಮುಖ ನೋಡಲು ತಯಾರಾಗಿ ಬಂದಿದ್ದಳೆಂದು ತಿಳಿಯಿತು.

"ಏನಾತ್ರಿ?"

"ಆ ಕೆಲಸಾನೂ ಹೋತು. ಇನ್ನೊಮ್ಮೆ ಬರಬ್ಯಾಡ ಅಂದ್ರು."

ಅವಳು ನನ್ನನ್ನೇ ನೋಡುತ್ತಾ ನಿಂತಳು. "ಮತ್ಯಾಕ ನಗಾಕತ್ತೀರಿ?"

"ಪಾಠ ಮಾಡಿ ಬಂದೆ," ಅಂದೆ.